ಸ್ಕೋರ್ ಮುಚ್ಚಿಟ್ಟು ವಾದ್ಯವೃಂದ ನಡೆಸಿದ ನನ್ನ ಅನುಭವ

ಬೀಥೋವನ್ನರ ಐದನೇ ಸಿಂಫನಿಯನ್ನು ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿಯ ಪುಸ್ತಕ) ನೋಡದೆ ನಿರ್ದೇಶಿಸುತ್ತೇನೆ ಎಂದಾಗ ನಮ್ಮ ವೃಂದದ ಹಿರಿಯ ಪಿಟೀಲುವಾದಕರು, "ಟೊಸ್ಕನೀನಿಯವರಿಗೆ ದೃಷ್ಟಿ ಮಂದವಾಗಿತ್ತು, ನಿಮ್ಮ ಕಣ್ಣಿಗೇನಾಗಿದೆ?" ಎಂದು ಕೇಳಿದ್ದರು. ಇಟಲಿಯ ಆ ಖ್ಯಾತ ನಿರ್ದೇಶಕರು ಸ್ಕೋರ್ ನೋಡದೆ ನೆನಪಿನಿಂದಲೇ ವೃಂದ ನಡೆಸುತ್ತಿದ್ದರು. 1886ರಲ್ಲಿ ರಿಯೊ ಡಿ ಜನೈರೊದಲ್ಲಿ ಚೆಲೋ ವಾದಕರ ಸಾಲಿನಿಂದ ಎದ್ದುಬಂದು 'ಐದಾ' ಆಪೆರಾವನ್ನು ನೆನಪಿನಿಂದಲೇ ನಡೆಸಿಕೊಟ್ಟಾಗ ಟೊಸ್ಕನೀನಿಯವರಿಗೆ 19 ವರ್ಷ. ನಾನಾದರೋ ನಲವತ್ತು ದಾಟಿದವನು.

ಮೊದಲ ಸಲ ಸೋತದ್ದು ಕಿವಿಯನ್ನು ನಂಬಿ. ಧ್ವನಿಮುದ್ರಣವೊಂದನ್ನು ನೂರಾರು ಬಾರಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲ ಭಾಗದ ಆರಂಭದ ವಿಭಾಗದಲ್ಲಿ ಹಾರ್ನುಗಳು ನುಡಿಸುವ ಕರೆಯನ್ನು, ಅದೇ ಸಂಗೀತ ಮರಳಿ ಬರುವ ಪುನರಾಗಮನದಲ್ಲಿ, 303ನೇ ಬಾರಿನಲ್ಲಿ (ಬಾರು ಎಂದರೆ ಸ್ವರಲಿಪಿಯಲ್ಲಿ ತಾಳದ ಒಂದು ಖಾನೆ), ಬೀಥೋವನ್ ಬಸೂನು ಎಂಬ ಮರದ ಊದುವಾದ್ಯಗಳಿಗೆ ಕೊಟ್ಟಿದ್ದಾರೆ. ಆದರೆ ನಾನು ಕೇಳಿದ್ದ ಹಳೆಯ ಧ್ವನಿಮುದ್ರಣದಲ್ಲಿ, ಅಂದಿನ ಅನೇಕ ನಿರ್ದೇಶಕರ ರೂಢಿಯಂತೆ, ಅಲ್ಲಿಯೂ ಹಾರ್ನುಗಳೇ ನುಡಿದಿದ್ದವು. ರಿಹರ್ಸಲ್‌ನಲ್ಲಿ ನಾನು ಹಾರ್ನುಗಳತ್ತ ಕೈ ಚಾಚಿದೆ. ಅವರು ನನ್ನನ್ನು ಪಿಳಿಪಿಳಿ ನೋಡಿದರು, ಬಸೂನಿನವರು ಅನುಮಾನಿಸಿ ತಡವಾಗಿ ಹಿಡಿದರು, ಇಡೀ ವೃಂದ ಚೆದುರಿತು. ಹೆಚ್ಚುವರಿ ರಿಹರ್ಸಲ್‌ಗಳ ಸಭಾಂಗಣದ ಬಾಡಿಗೆ, ವಾದಕರ ಭತ್ಯೆ ಎಲ್ಲವೂ ನನ್ನ ತಲೆಗೇ ಬಂದು, ಆ ಕಾರ್ಯಕ್ರಮದ ಸಂಭಾವನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿತು.

ಆಮೇಲೆ ಧ್ವನಿಮುದ್ರಣಗಳನ್ನು ಬದಿಗಿಟ್ಟು, ವಿಯೆನ್ನಾದಲ್ಲಿ ಜುಬಿನ್ ಮೆಹ್ತಾ, ಕ್ಲಾಡಿಯೊ ಅಬ್ಬಾಡೊ ಅವರಿಗೆ ಕಲಿಸಿದ ಹಾನ್ಸ್ ಸ್ವರೊವ್‌ಸ್ಕಿಯವರ ಹಾದಿ ಹಿಡಿದೆ: ಬಾರುಗಳನ್ನು ಗುಂಪುಗುಂಪಾಗಿ ಓದುವುದು. ನಾಲ್ಕರ ಗುಂಪು ಎಲ್ಲಿ ಮುರಿಯುತ್ತದೆಯೋ ಅಲ್ಲಿಯದನ್ನಷ್ಟೇ ಬರೆದುಕೊಂಡಾಗ, ಮೊದಲ ಭಾಗದ 502 ಬಾರುಗಳು ಒಂದೇ ಹಾಳೆಯಲ್ಲಿ ಹಿಡಿಸಿದವು. ದಿನಕ್ಕೆ ನಲವತ್ತು ನಿಮಿಷದಂತೆ ಹನ್ನೊಂದು ವಾರ ಹಿಡಿದಿರಬೇಕು. ವಾದ್ಯಗಳ ಪ್ರವೇಶಕ್ಕೆ ನಾನು ಬಳಸಿದ ಗುರುತುಗಳನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ತೆತ್ತ ಬೆಲೆ ನನಗೇ ಗೊತ್ತು.

ನಡುವೆ ಬೇರೆ ಹುಚ್ಚುಗಳೂ ಹತ್ತಿದ್ದವು. ಬೀಥೋವನ್ನರೇ ಸೂಚಿಸಿದ, ನಿಮಿಷಕ್ಕೆ 108 ಬಡಿತಗಳ ವೇಗವನ್ನು ಪ್ರಯತ್ನಿಸಿ, ನಮ್ಮ ಪಿಟೀಲುಗಳಿಗೆ ಅದು ಒಗ್ಗದೆ, ನೂರರ ಆಸುಪಾಸಿಗೆ ಇಳಿದೆ. ಬ್ಯಾಟನ್ (ನಿರ್ದೇಶಕರ ಕೈಕೋಲು) ಬಿಟ್ಟು ಬರಿಗೈಯಲ್ಲೂ ನೋಡಿದೆ. ಮೊದಲ ಸ್ವರಕ್ಕೆ ಮುನ್ನ ಬರುವ ಕಿರುಮೌನವನ್ನು ಬೆರಳುಗಳು ಸ್ಪಷ್ಟವಾಗಿ ತೋರಿಸಲಿಲ್ಲ.

ಕಾರ್ಯಕ್ರಮದ ದಿನ 268ನೇ ಬಾರಿನಲ್ಲಿ ಓಬೋ ಎಂಬ ಊದುವಾದ್ಯದ ಏಕವಾದನಕ್ಕೆ ಕೈ ಇಳಿಸಿ ಸುಮ್ಮನೆ ಕೇಳಿಸಿಕೊಂಡೆ. ಬಸೂನಿನವರು ತಲೆಯೆತ್ತುವ ಮೊದಲೇ ನನ್ನ ನೋಟ ಅವರ ಮೇಲಿತ್ತು. ಸ್ಟ್ಯಾಂಡನ್ನು ಮಾತ್ರ ತೆಗೆಸಿರಲಿಲ್ಲ. ಮುಚ್ಚಿದ ಸ್ಕೋರ್ ಎದುರಿಗೇ ಇತ್ತು, ಮೂರನೇ ಭಾಗವು ನಾಲ್ಕನೆಯದರೊಳಗೆ ಸೇರುವಲ್ಲಿ ಎಡಗೈ ಒಮ್ಮೆ ಅದರತ್ತ ಸರಿದದ್ದೂ ನಿಜ.