ಪ್ರಾಸ್ಟೇಟ್ ಸ್ಕ್ಯಾನ್: ರಿಪೋರ್ಟ್ ದಾರಿ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ರಿಪೋರ್ಟಿನಲ್ಲಿ ‘ಪಕ್ಕೆಲುಬಿನಲ್ಲಿ ಚುಕ್ಕೆ’ ಅಂತ ಒಂದು ಸಾಲು ಇದ್ದರೆ ಸಾಕು, ಮನೆಯವರ ಕೈಕಾಲು ಆಡುವುದಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿಬಿಟ್ಟಿದೆ ಅಂದುಕೊಳ್ಳುತ್ತಾರೆ. ಆದರೆ ಸ್ಕ್ಯಾನಿನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಹಳೇ ಪೆಟ್ಟು, ಕೀಲು ಸವೆತ, ಸೋಂಕು, ಮೊನ್ನೆ ತಾನೆ ಮಾಡಿಸಿದ ಬಯಾಪ್ಸಿ (ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆಯುವುದು) ಕೂಡ ಹಾಗೇ ಕಾಣಬಹುದು. ಆಪರೇಷನ್ನಿನಿಂದಲೋ ರೇಡಿಯೇಷನ್ನಿನಿಂದಲೋ ಗುಣವಾಗಬಹುದಾದ ಕಾಯಿಲೆಯನ್ನು ‘ಹರಡಿದೆ’ ಎಂದು ಓದಿಬಿಟ್ಟರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಇದನ್ನು ತಪ್ಪಿಸುವುದರಲ್ಲಿ ಮನೆಯವರ ಪಾಲೂ ಇದೆ.

1. ಯಾವ ಸ್ಕ್ಯಾನ್, ಯಾವಾಗ?

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಹತ್ತಿರದಿಂದ ನೋಡಲು ಎಂಆರ್‌ಐ. ಮೂಳೆ ನೋಡಲು ಬೋನ್ ಸ್ಕ್ಯಾನ್. ಇಡೀ ಮೈಯಲ್ಲಿ ಕ್ಯಾನ್ಸರ್ ಎಲ್ಲಿದೆ ಎಂದು ಹುಡುಕಲು ಪಿಎಸ್‌ಎಂಎ ಪೆಟ್ ಸಿಟಿ; ಪಿಎಸ್‌ಎಂಎ ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳ ಮೇಲೆ ಹೆಚ್ಚಾಗಿರುವ ಒಂದು ಪ್ರೋಟೀನ್. ಬೇರೆ ಕ್ಯಾನ್ಸರ್‌ಗಳಿಗೆ ಮಾಡುವ ಗ್ಲೂಕೋಸ್ ಆಧಾರದ ಪೆಟ್ ಸ್ಕ್ಯಾನಿನಲ್ಲಿ ಸಾಮಾನ್ಯ ಪ್ರಾಸ್ಟೇಟ್ ಕ್ಯಾನ್ಸರ್ ಎಷ್ಟೋ ಸಲ ಕಾಣುವುದೇ ಇಲ್ಲ. ಹಾಗಾಗಿ ಚೀಟಿಯಲ್ಲಿ ಬರೀ ‘ಪೆಟ್’ ಅಂತಿದ್ದರೆ ಯಾವುದು ಎಂದು ಕೇಳಿಯೇ ದುಡ್ಡು ಕಟ್ಟಿ.

ಎಂಆರ್‌ಐ ಬಯಾಪ್ಸಿಗೆ ಮುಂಚೆ ಆದರೆ ಒಳ್ಳೆಯದು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಂತು ಗಡ್ಡೆಯ ಗುರುತುಗಳನ್ನು ಗೊಂದಲ ಮಾಡುತ್ತದೆ. ಬಯಾಪ್ಸಿ ಆಗಿಹೋಗಿದ್ದರೆ ಸಾಮಾನ್ಯವಾಗಿ ಕನಿಷ್ಠ 6 ವಾರ ಕಾಯಿಸುತ್ತಾರೆ. ಸುಮ್ನೆ ಅವಸರ ಮಾಡಬೇಡಿ.

2. ಹಳೇದೆಲ್ಲ ಹೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಮ್ಮ ಕಡೆ ಹಿರಿಯರು ಹೆಚ್ಚಾಗಿ ಬಾಯಿ ಬಿಡುವುದಿಲ್ಲ. “ಯಜಮಾನ್ರೇ, ಮುಂಚೆ ಎಲ್ಲಾದ್ರೂ ಬಿದ್ದಿದ್ರಾ?” ಅಂತ ಕೇಳಿದರೆ, “ಇಲ್ಲ ಸಾರ್” ಅಂದುಬಿಡುತ್ತಾರೆ. ಗದ್ದೆ ಬದುವಿನಲ್ಲಿ ಜಾರಿದ್ದು, ಕಬ್ಬಿನ ಲೋಡಿನ ಮೇಲಿಂದ ಬಿದ್ದದ್ದು, ಟಿವಿಎಸ್ ಗಾಡಿ ಸಮೇತ ಉರುಳಿ ಪಕ್ಕೆ ಹಿಡಿದುಕೊಂಡು ತಿಂಗಳು ಮಲಗಿದ್ದು, ಯಾವುದೂ ಅವರಿಗೆ ಕಾಯಿಲೆ ಅನ್ನಿಸಿರುವುದಿಲ್ಲ. ಆದರೆ ಕೂಡುತ್ತಿರುವ ಮೂಳೆ ಬೋನ್ ಸ್ಕ್ಯಾನಿನಲ್ಲೂ ಪಿಎಸ್‌ಎಂಎ ಸ್ಕ್ಯಾನಿನಲ್ಲೂ ಹೊಳೆಯುತ್ತದೆ. ಪೆಟ್ಟು ಹಳೆಯದಾದರೂ ಗುರುತು ಉಳಿದಿರಬಹುದು. ಸವೆದ ಮಂಡಿ, ಸೊಂಟದ ಕೀಲುಗಳೂ ಹೊಳೆಯುತ್ತವೆ.

ಆದ್ದರಿಂದ ಹಿಂದಿನ ರಾತ್ರಿ ಅಪ್ಪನ ಪಕ್ಕ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಧ್ಯವಾದರೆ ಅಮ್ಮನನ್ನೂ ಕೂರಿಸಿಕೊಳ್ಳಿ, ಅವರಿಗೆ ಜಾಸ್ತಿ ನೆನಪಿರುತ್ತದೆ. ಬಿದ್ದದ್ದು, ಆಪರೇಷನ್, ಸೊಂಟಕ್ಕೆ ಹಾಕಿದ ರಾಡು, ಟಿಬಿ ಬಂದಿತ್ತೇ, ಮೂತ್ರಕೋಶದ ಕ್ಯಾನ್ಸರಿಗೆ ಅಂತ ಅದರೊಳಗೆ ಬಿಸಿಜಿ ಔಷಧಿ ಹಾಕಿದ್ದರೇ, ಇತ್ತೀಚೆಗೆ ಉರಿಮೂತ್ರ ಇತ್ತೇ, ಎಲ್ಲವನ್ನೂ ಬರೆಯಿರಿ. ಟಿಬಿ ಮತ್ತು ಬಿಸಿಜಿಯಿಂದ ಪ್ರಾಸ್ಟೇಟ್‌ನಲ್ಲಿ ಆಗುವ ಊತ ಎಂಆರ್‌ಐಯಲ್ಲಿ ಥೇಟ್ ಕ್ಯಾನ್ಸರ್ ಥರವೇ ಕಾಣಬಹುದು.

ಮಾತ್ರೆಗಳ ಚೀಟಿಯೂ ಜೊತೆಗಿರಲಿ. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ರಕ್ತದ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನಿನ ಮಟ್ಟ) ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೂತ್ರದ ಸೋಂಕು ಇದ್ದರೆ ಅದೇ ಪಿಎಸ್‌ಎ ಏರುತ್ತದೆ. ಸ್ಕ್ಯಾನ್ ಓದುವ ಡಾಕ್ಟರು ಈ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಂಡು ನೋಡುತ್ತಾರೆ.

3. ಸ್ಕ್ಯಾನಿನ ದಿನ

ಮದ್ದೂರು, ಪಾಂಡವಪುರ, ಎಚ್.ಡಿ. ಕೋಟೆ ಕಡೆಯಿಂದ ಬಸ್ಸಿನಲ್ಲಿ ಬರುವವರು ದಾರಿಯಲ್ಲಿ ಒಂದಕ್ಕೆ ಹೋಗಬೇಕಾದೀತು ಎಂದು ನೀರೇ ಕುಡಿಯುವುದಿಲ್ಲ. ಬೋನ್ ಸ್ಕ್ಯಾನಿಗೂ ಪಿಎಸ್‌ಎಂಎ ಸ್ಕ್ಯಾನಿಗೂ ಇದು ಸರಿಯಲ್ಲ. ಸ್ಕ್ಯಾನಿಗೆ ಮುಂಚೆ ಕೊಡುವ, ಚಿತ್ರದಲ್ಲಿ ಹೊಳೆಯುವ ಇಂಜೆಕ್ಷನ್ ಔಷಧಿಯ ಒಂದು ಪಾಲು ಮೂತ್ರದಲ್ಲೇ ಹೊರಗೆ ಹೋಗಬೇಕು. ಮೂತ್ರನಾಳದಲ್ಲಿ ನಿಂತ ಒಂದಿಷ್ಟು ಮೂತ್ರವೇ ಕ್ಯಾನ್ಸರ್ ಗಂಟಿನಂತೆ ಕಾಣಬಹುದು. ಕಿಡ್ನಿ, ಹೃದಯದ ತೊಂದರೆ ಇಲ್ಲದವರು ಇಂಜೆಕ್ಷನ್ ಆದ ಮೇಲೂ ಚೆನ್ನಾಗಿ ನೀರು ಕುಡಿಯಲಿ, ಕರೆದ ಕೂಡಲೇ ಮೂತ್ರ ಮಾಡಿ ಬಂದು ಮಲಗಲಿ.

ಇನ್ನೊಂದು, ಹೇಳಲು ನಾಚಿಕೆ ಪಡುವಂಥದ್ದು. ಪಂಚೆ ಮೇಲೋ ತೊಡೆ ಮೇಲೋ ಮೂತ್ರದ ಹನಿ ಬಿದ್ದಿದ್ದರೆ ಸ್ಕ್ಯಾನಿನಲ್ಲಿ ಅದೂ ಚುಕ್ಕೆಯೇ. ಟೆಕ್ನಿಷಿಯನ್ನಿಗೆ ಹೇಳಿ. ಒರೆಸಿಕೊಂಡು, ಬಟ್ಟೆ ಬದಲಾಯಿಸಿ ಮತ್ತೊಮ್ಮೆ ತೆಗೆದರೆ ಚುಕ್ಕೆ ಮಾಯ.

ಎಂಆರ್‌ಐಗೆ ಮುಂಚೆ ಕಕ್ಕಸಿಗೆ ಹೋಗಿ ಹೊಟ್ಟೆ ಖಾಲಿ ಮಾಡಿಕೊಳ್ಳಿ. ಗುದದಲ್ಲಿ ಗಾಳಿ ತುಂಬಿದ್ದರೆ ಪಕ್ಕದಲ್ಲೇ ಇರುವ ಪ್ರಾಸ್ಟೇಟಿನ ಚಿತ್ರ ಸೊಟ್ಟಗಾಗುತ್ತದೆ. ಹಿಂದಿನ ರಾತ್ರಿ ಹಿತಕಿದ ಬೇಳೆ ಸಾರು ಬೇಡ, ಹಗುರವಾಗಿ ಉಂಡು ಮಲಗಿ.

4. ರಿಪೋರ್ಟ್ ಬಂದ ಮೇಲೆ

ಪಿಎಸ್‌ಎಂಎ ಸ್ಕ್ಯಾನಿನಲ್ಲಿ ಜೊಲ್ಲುಗ್ರಂಥಿ, ಕಣ್ಣೀರ ಗ್ರಂಥಿ, ಲಿವರ್, ಕಿಡ್ನಿ, ಸಣ್ಣ ಕರುಳು ಎಲ್ಲವೂ ಹೊಳೆಯುತ್ತವೆ. ಅದು ಸಹಜ. ಹೊಟ್ಟೆಯ ಹಿಂಭಾಗದ ನರದ ಗಂಟುಗಳೂ ಹೊಳೆದು ಕ್ಯಾನ್ಸರ್ ಹರಡಿದ ದುಗ್ಧಗ್ರಂಥಿಯಂತೆ (ಲಿಂಫ್ ನೋಡ್) ಕಾಣುತ್ತವೆ. ಸ್ಕ್ಯಾನಿಗೆ ಯಾವ ಇಂಜೆಕ್ಷನ್ ಔಷಧಿ ಹಾಕಿದ್ದರು ಎಂದೂ ನೋಡಿ. ಫ್ಲೋರಿನ್-18 ಪಿಎಸ್‌ಎಂಎ-1007 ಆಗಿದ್ದರೆ ಪಕ್ಕೆಲುಬಿನಲ್ಲಿ ಕ್ಯಾನ್ಸರ್ ಅಲ್ಲದ ಸಣ್ಣ ಚುಕ್ಕೆಗಳು ಗ್ಯಾಲಿಯಂ-68 ಇರುವ ಇನ್ನೊಂದು ಔಷಧಿಗಿಂತ ಜಾಸ್ತಿ ಕಾಣುತ್ತವೆ.

ಪಿಎಸ್‌ಎ ಕಡಿಮೆ ಇದೆ, ಒಂದೇ ಪಕ್ಕೆಲುಬಿನಲ್ಲಿ ಮಸುಕು ಚುಕ್ಕೆ ಇದೆ ಅಂದರೆ ಡಾಕ್ಟರನ್ನು ಬಿಡಿಸಿ ಕೇಳಿ: “ಸಿಟಿಯಲ್ಲಿ ಆ ಜಾಗದ ಮೂಳೆ ಹೇಗಿದೆ ಸಾರ್? ಅಲ್ಲಿಗೆ ಮಾತ್ರ ಎಂಆರ್‌ಐ ಮಾಡಿಸಬಹುದಾ? ಸ್ವಲ್ಪ ದಿನ ಬಿಟ್ಟು ಮತ್ತೆ ನೋಡೋಣವಾ?” ಕೇಳಿದರೆ ತಪ್ಪೇನಿಲ್ಲ. ಚಿಕಿತ್ಸೆ ಆ ಒಂದು ಚುಕ್ಕೆಯ ಮೇಲೇ ನಿಂತಿದ್ದರೆ ಅಲ್ಲಿಂದ ಬಯಾಪ್ಸಿ ತೆಗೆಯುವುದೂ ಉಂಟು.

ತಿರುಗಾಮುರುಗಾ ಆಗುವುದೂ ಇದೆ. ಕೆಲವು ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಪಿಎಸ್‌ಎಂಎ ಸ್ಕ್ಯಾನಿನ ಔಷಧಿಯನ್ನು ಹಿಡಿದುಕೊಳ್ಳುವುದೇ ಇಲ್ಲ. ‘ಏನೂ ಇಲ್ಲ’ ಎಂದು ಬಂದರೂ ಪಿಎಸ್‌ಎ ಏರುತ್ತಿದ್ದರೆ ಫಾಲೋಅಪ್ ತಪ್ಪಿಸಬೇಡಿ. ಹಾರ್ಮೋನ್ ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ಮೂಳೆ ವಾಸಿಯಾಗುತ್ತಿರುವಾಗಲೇ ಬೋನ್ ಸ್ಕ್ಯಾನ್ ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು. ಔಷಧಿ ಕೆಲಸ ಮಾಡಲಿಲ್ಲ ಎಂದು ಅಷ್ಟಕ್ಕೇ ತೀರ್ಮಾನಿಸಬೇಡಿ.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ತೋರಿಸಿ, ಒಂದು ಸ್ಕ್ಯಾನ್ ಮೈಸೂರಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಮಾಡಿಸಿರುತ್ತೀರಿ ಅಲ್ವಾ? ಕಾಗದದ ರಿಪೋರ್ಟ್ ಒಂದೇ ಸಾಲದು. ಚಿತ್ರಗಳಿರುವ ಸಿಡಿ ಕೇಳಿ ಪಡೆಯಿರಿ, ಮುಂದಿನ ಸ್ಕ್ಯಾನಿಗೆ ಹೋಗುವಾಗ ಅದನ್ನು ಕೌಂಟರಿನಲ್ಲೇ ಕೊಡಿ. ಹೋದ ವರ್ಷವೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡದಿದ್ದ ಚುಕ್ಕೆಯನ್ನು ಡಾಕ್ಟರು ಅದರಲ್ಲೇ ಗುರುತು ಹಿಡಿಯುತ್ತಾರೆ.