ತಿರುಮಲಾಂಬ ಅವರನ್ನು ಮನೆಯ ಜಗಲಿಯಲ್ಲಿ ಓದಿಸುವ ಬಗೆ

ಮೈಸೂರಿನ ನಮ್ಮ ಬೀದಿಯ ಹೆಂಗಸರಿಗೆ ಕಾದಂಬರಿ ಎಂದರೆ ತ್ರಿವೇಣಿ. ಅವರು ಹುಟ್ಟಿದ್ದು 1928ರಲ್ಲಿ. ನಂಜನಗೂಡಿನ ತಿರುಮಲಾಂಬ ಅದಕ್ಕೂ ಮೊದಲೇ, 1913ರಲ್ಲಿ, ‘ಸತೀಹಿತೈಷಿಣೀ’ ಗ್ರಂಥಮಾಲೆ ಹೂಡಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ಹೊರತಂದಿದ್ದರು. ನಿಮ್ಮ ಮನೆಯಲ್ಲೂ ಆಕೆಯನ್ನು ಓದಿಸಬೇಕೆಂದಿದ್ದರೆ ನಾನು ಮಾಡುವ ರೀತಿ ಹೇಳುತ್ತೇನೆ.

ಮೊದಲು ಪ್ರತಿ ಬೇಕು. ಮಾನಸಗಂಗೋತ್ರಿಯ ಗ್ರಂಥಾಲಯದಂಥ ಕಡೆ ಹುಡುಕುವಾಗ ‘ತಿ’ ಅಕ್ಷರವನ್ನಷ್ಟೇ ನೋಡಿ ಹಿಂದಿರುಗಬೇಡಿ; ‘ನಂ’ ಅಡಿಯಲ್ಲೂ, ಪುಸ್ತಕದ ಹೆಸರಿನಲ್ಲೂ ನೋಡಿ. ಹಳೆಯ ಮುದ್ರಣ ಸಿಕ್ಕರೆ ನಿಧಾನ. ಆ ಕಾಲದ ಕಾಗದ ಆಮ್ಲದಿಂದ ಕಂದಾಗಿ, ಅಂಚು ಬೆರಳಿಗೆ ಪುಡಿಯಾಗಿ ಅಂಟುತ್ತದೆ. ಎರಡು ರಟ್ಟುಗಳ ಕೆಳಗೂ ಮಡಿಸಿದ ಟವೆಲ್ ಇಟ್ಟು ಅರ್ಧಕ್ಕೆ ಮಾತ್ರ ತೆರೆಯಿರಿ. ಅನುಮತಿ ಪಡೆದು, ಫ್ಲಾಶ್ ಆರಿಸಿ, ಓದಲು ಬೇಕಾದ ಪುಟಗಳ ಚಿತ್ರ ತೆಗೆಯಿರಿ. ಸೆಲ್ಲೋಟೇಪ್ ಹಿಡಿದು ಬರುವವರನ್ನು ನಾನು ಪುಸ್ತಕದ ಹತ್ತಿರ ಸೇರಿಸುವುದಿಲ್ಲ. ಆ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಹಂಚಲೂಬೇಡಿ: ಲೇಖಕಿ ತೀರಿಕೊಂಡದ್ದು 1982ರಲ್ಲಿ, ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲ.

ಇನ್ನು ಓದು. ಈ ಗದ್ಯವನ್ನು ಮೌನವಾಗಿ ಓದಿದರೆ ಎರಡನೆಯ ಪುಟಕ್ಕೇ ತೂಕಡಿಕೆ ಬರುತ್ತದೆ. ಗಟ್ಟಿಯಾಗಿ ಓದಿ. ಜೆರಾಕ್ಸ್ ಪ್ರತಿಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳಿ. ಉದ್ದ ವಾಕ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಂಭಾಷಣೆಗಳನ್ನು ಹಂಚಿಬಿಡಿ, ಹರಿಕಥೆ ಕೇಳಿ ಬೆಳೆದ ಹಿರಿಯರಿಗೆ ನಿರೂಪಣೆ ಕೊಡಿ. ನಮ್ಮ ಎದುರುಮನೆಯ ಅಜ್ಜಿ ಕನ್ನಡಕವಿಲ್ಲದೆಯೇ ಮುಂದಿನ ಮಾತು ಊಹಿಸುತ್ತಾರೆ!

ಪತಿವ್ರತೆಯ ಉಪದೇಶ ಬಂದಾಗ ಕಾಲೇಜಿನ ಹುಡುಗಿಯರು ಪುಟ ಹಾರಿಸಿ ಎನ್ನುತ್ತಾರೆ. ಹಾರಿಸಬೇಡಿ. ಅಲ್ಲೇ ನಿಲ್ಲಿಸಿ, ಬರೆದವರ ಬದುಕನ್ನು ಹೇಳಿ: 1887ರಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು, ಮುಂದೆ ತಮ್ಮ ಪುಸ್ತಕಗಳಿಗೆ ತಾವೇ ಪ್ರಕಾಶಕಿಯಾದರು, ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ನಡೆಸಿದರು. ಪುಟದಲ್ಲಿ ಸಹನೆಯ ಪಾಠ, ಪುಟದ ಹಿಂದೆ ಸ್ವಂತ ಉದ್ಯಮ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ಅವರವರೇ ಜಗಳವಾಡಲಿ. ನೀವು ತೀರ್ಪು ಕೊಡಬೇಡಿ. ನನ್ನ ಮತ ಎರಡನೆಯದಕ್ಕೆ, ಆದರೆ ಅಜ್ಜಿಯ ಮುಂದೆ ಹೇಳುವುದಿಲ್ಲ.

‘ಸುಶೀಲೆ’ ಮುಗಿದ ಕೂಡಲೇ ತ್ರಿವೇಣಿಯವರ ‘ಶರಪಂಜರ’ ಎತ್ತಿಕೊಳ್ಳಿ. ಬಾಣಂತನದ ನಂತರ ಮನಸ್ಸು ಕದಡಿದ ಕಾವೇರಿಯನ್ನು ಮನೆಯವರು ನಡೆಸಿಕೊಳ್ಳುವ ಭಾಗಕ್ಕೆ ಬಂದರೆ ಅತ್ತೆಯರು ಒಂದು ಕಡೆ, ಸೊಸೆಯರು ಒಂದು ಕಡೆ ಕೂರುತ್ತಾರೆ. ಆ ದಿನ ಡಿಕಾಕ್ಷನ್ ಸ್ವಲ್ಪ ಹೆಚ್ಚಾಗಿಯೇ ಇಳಿಸಿಟ್ಟಿರಿ.