ವೋಟಿಲ್ಲದಿದ್ದರೂ ಸೆನೆಟರ್ ನಿಮ್ಮವರೇ: ಫ್ರೀಮಾಂಟ್‌ಗೆ ಹೊಸದಾಗಿ ಬಂದವರಿಗೆ

ಫ್ರೀಮಾಂಟ್, ಯೂನಿಯನ್ ಸಿಟಿ, ಹೇವರ್ಡ್ ಕಡೆ ಮನೆ ಮಾಡಿದ್ದೀರಾ? ಹಾಗಿದ್ದರೆ ನೀವು ಕ್ಯಾಲಿಫೋರ್ನಿಯಾದ 10ನೇ ಸೆನೆಟ್ ಡಿಸ್ಟ್ರಿಕ್ಟ್‌ನವರು. ಇದನ್ನು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಸೆನೆಟ್ ಅಂದರೆ ವಾಷಿಂಗ್ಟನ್ನಿನದು ಮಾತ್ರ ಅಂದುಕೊಂಡಿದ್ದೆ. ರಾಜ್ಯಕ್ಕೂ ಒಂದಿದೆ, ಅದು ಸ್ಯಾಕ್ರಮೆಂಟೊದಲ್ಲಿ ಸೇರುತ್ತದೆ ಅಂತ ಗೊತ್ತಾದ ಮೇಲೂ ನಮ್ಮ ವಿಧಾನ ಪರಿಷತ್ತಿನ ಥರ ಇರಬೇಕು ಅಂತ ಸುಮ್ಮನಿದ್ದೆ. ಹಾಗಲ್ಲ. ಇಲ್ಲಿ 40 ಸೆನೆಟರ್‌ಗಳನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಅವಧಿ 4 ವರ್ಷ. ಒಬ್ಬೊಬ್ಬರಿಗೂ ಹೆಚ್ಚುಕಮ್ಮಿ 10 ಲಕ್ಷ ಜನ. ಕೆಳಮನೆಯಾದ ಅಸೆಂಬ್ಲಿಯಲ್ಲಿ 80 ಸದಸ್ಯರು.

ನಾನು ಮಾಡಿದ ದೊಡ್ಡ ತಪ್ಪು ಬೇರೆ. ರಾಜ್ಯದ ಒಂದು ಕಚೇರಿಯಲ್ಲಿ ನನ್ನ ಕಾಗದ ಸಿಕ್ಕಿಕೊಂಡಿತ್ತು. ಸೆನೆಟರ್ ಕಚೇರಿಗೆ ಹೇಳು ಅಂತ ಪಕ್ಕದ ಮನೆಯವರು ಅಂದರು. ನಾನು ಮಾಡಿದ್ದೇನು? ಅಲ್ಲಿ ಯಾರಾದರೂ ಪರಿಚಯದವರು ಇದ್ದಾರಾ ಅಂತ ಹುಡುಕಿದೆ! ಊರಲ್ಲಿ ಎಂಎಲ್‌ಎ ಮನೆಗೆ ಬೆಳಿಗ್ಗೆ ಹೋಗುವಾಗ ಜೊತೆಗೆ ಒಬ್ಬರು ಬೇಕಲ್ವಾ, ಅದೇ ಅಭ್ಯಾಸ. ಎರಡು ತಿಂಗಳು ಹಾಳಾಯಿತು. ಕೊನೆಗೆ ಫೋನ್ ಮಾಡಿದರೆ ಹೆಸರು, ವಿಳಾಸ ಕೇಳಿದರು, ಅಷ್ಟೇ. ಯಾವ ಪಾರ್ಟಿ, ವೋಟಿದೆಯಾ ಅಂತ ಕೇಳಲೇ ಇಲ್ಲ. ಆ ದಿನ ನನ್ನ ಕಣ್ಣು ತುಂಬಿತ್ತು.

ಗ್ರೀನ್ ಕಾರ್ಡ್, ಪಾಸ್‌ಪೋರ್ಟ್ ವಿಷಯ ರಾಜ್ಯದ ಸೆನೆಟರ್ ಕೈಲಿಲ್ಲ, ಅದಕ್ಕೆ ಕಾಂಗ್ರೆಸ್, ಅಂದರೆ ವಾಷಿಂಗ್ಟನ್ನಿನ ಸಂಸತ್ತಿನ, ಸದಸ್ಯರ ಕಚೇರಿ. ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯಲ್ಲಿ ಮತದಾರರಾಗಿ ನೋಂದಾಯಿಸಲೇ ಅಂತ ಕೇಳಿದರೆ, ಸಿಟಿಜನ್ ಅಲ್ಲದವರು ಬೇಡ ಅನ್ನಿ. ಮರೆಯಬೇಡಿ, ಗಡೀಪಾರಿನವರೆಗೂ ಹೋಗಬಹುದು.

2022ರಲ್ಲಿ ಇಲ್ಲಿ ಗೆದ್ದವರು ಆಯಿಷಾ ವಹಾಬ್, ಅಫ್ಘನ್ ಮೂಲದವರು. ಚಿಕ್ಕಂದಿನಲ್ಲಿ ಫಾಸ್ಟರ್ ಕೇರ್‌ನಲ್ಲಿ, ಅಂದರೆ ಸರ್ಕಾರ ವಹಿಸಿಕೊಂಡ ಮಕ್ಕಳ ಆರೈಕೆಯಲ್ಲಿ, ಇದ್ದರು; ನಂತರ ಅವರನ್ನು ಒಂದು ಅಫ್ಘನ್ ಕುಟುಂಬ ದತ್ತು ತೆಗೆದುಕೊಂಡು ಬೆಳೆಸಿತು. ಅವರ ಎದುರು ನಿಂತವರೂ ಡೆಮಾಕ್ರಟ್ ಪಕ್ಷದವರೇ. ಇಲ್ಲಿ ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನ ಮತದಾನದಲ್ಲಿ, ಮೊದಲೆರಡು ಸ್ಥಾನ ಪಡೆದವರು, ಯಾವ ಪಾರ್ಟಿಯಾದರೂ ಸರಿ, ನವೆಂಬರ್ ಚುನಾವಣೆಗೆ ಹೋಗುತ್ತಾರೆ.

2023ರಲ್ಲಿ ಜಾತಿ ತಾರತಮ್ಯದ ವಿರುದ್ಧ ಎಸ್‌ಬಿ 403 ಮಸೂದೆ ತಂದವರೂ ಇವರೇ. ಭಾರತದಿಂದ ಬಂದವರಲ್ಲೇ ಪರ, ವಿರೋಧ ಎರಡೂ ಜೋರಾಗಿತ್ತು. ಎರಡೂ ಮನೆಗಳು ಒಪ್ಪಿದವು. ಈಗಿರುವ ಕಾನೂನೇ ಸಾಕು ಅಂತ ಗವರ್ನರ್ ನ್ಯೂಸಮ್ ಅಕ್ಟೋಬರ್‌ನಲ್ಲಿ ವೀಟೋ ಮಾಡಿದರು. ನನಗೆ ಈ ಕಾನೂನು ಬೇಕಿತ್ತು. ಊರಲ್ಲಿ ಯಾರು ಯಾವ ಬಾವಿಯ ನೀರು ಮುಟ್ಟಬಾರದಿತ್ತು ಅಂತ ಕಣ್ಣಾರೆ ಕಂಡವನು ನಾನು. ಆದರೂ ಒಂದು ಪತ್ರ ಬರೆಯಲಿಲ್ಲ. ವೋಟಿಲ್ಲದವನ ಮಾತು ಯಾರಿಗೆ ಬೇಕು ಅಂತ ಕೂತೆ. ಆಗ 15 ವರ್ಷದ ಮಗಳು, "ಅಪ್ಪಾ, ನಮ್ಮದು ಯಾವ ಜಾತಿ? ಯಾಕೆ ಹೇಳಿಲ್ಲ?" ಅಂದಳು. ಮಗುವಿಗೆ ಹೇಳದೇ ಇದ್ದರೆ ಜಾತಿ ಹೋಗುತ್ತದೆ ಅಂದುಕೊಂಡಿದ್ದೆ. ಅವಳಿಗೆ ಅದನ್ನು ಶಾಲೆಯ ಗೆಳತಿ ವಿವರಿಸಿದ್ದಳು.

ಊರು ಬಿಟ್ಟ ಮೇಲೆ ನಾನು ಎಲ್ಲೂ ವೋಟು ಹಾಕಿಲ್ಲ. ನಮ್ಮಜ್ಜ ಚುನಾವಣೆ ದಿನ ಒಗೆದ ಪಂಚೆ ಉಟ್ಟು ಹೊರಡುತ್ತಿದ್ದರು. ಅದು ನೆನಪಾದರೆ ಸಂಕಟವಾಗುತ್ತದೆ.

ಇಲ್ಲಿ 16 ತುಂಬಿದ ಸಿಟಿಜನ್ ಮಕ್ಕಳು ಮತದಾರರ ಪಟ್ಟಿಗೆ ಮುಂಚೆಯೇ ಹೆಸರು ಕೊಡಬಹುದು. ಮಗಳು ಅಡುಗೆಮನೆ ಮೇಜಿನ ಮೇಲೆ ಅರ್ಜಿ ತುಂಬಿದಳು. 2026ರ ನವೆಂಬರ್‌ನಲ್ಲಿ ಈ ಸೆನೆಟ್ ಸ್ಥಾನಕ್ಕೆ ಚುನಾವಣೆ. ಆ ಹೊತ್ತಿಗೆ ಅವಳಿಗೆ 18. ಅಜ್ಜ ವೋಟಿಗೆ ಹೇಗೆ ಹೋಗುತ್ತಿದ್ದರು ಅಂತ ಅವಳಿಗೆ ಹೇಳಿದ್ದೇನೆ.